ವಿದೇಶ ಪ್ರಯಾಣದಲ್ಲಿ ಸ್ಮಾರ್ಟ್‌ಫೋನ್: ‘ಕರೆನ್ಸಿ’ ಕರಗದಂತೆ ಬಳಸುವ ಬಗೆ

ಯಂಕಂಚಿ (ಸಿಂದಗಿ ತಾಲೂಕು): ವಿಜಯಪುರ ಜಿಲ್ಲೆಯ ಈ ಸೀಮೆಯಲ್ಲಿ ಮೊಬೈಲಿಗೆ ಹಣ ತುಂಬಿಸುವುದನ್ನು ಇಂದಿಗೂ ‘ಕರೆನ್ಸಿ ಹಾಕಿಸುವುದು’ ಎನ್ನುವವರಿದ್ದಾರೆ. ಊರಲ್ಲಿ ಅದು ಬರಿಯ ರೂಢಿಯ ಮಾತು. ಪರದೇಶಕ್ಕೆ ಹೊರಟವರ ಪಾಲಿಗೆ ಮಾತ್ರ ಅಕ್ಷರಶಃ ಸತ್ಯ. ಅಲ್ಲಿ ಒಂದು ಕರೆಯ ಹಿಂದೆ ರಿಯಾಲ್, ದಿರ್ಹಮ್, ಡಾಲರುಗಳ ಲೆಕ್ಕವೇ ಇರುತ್ತದೆ. ಸಿದ್ಧತೆಯಿಲ್ಲದೆ ಕೊಂಡೊಯ್ದ ಫೋನು ವಿಮಾನದ ಟಿಕೇಟಿನ ಜತೆ ಪೈಪೋಟಿಗಿಳಿಯುವಷ್ಟು ಬಿಲ್ಲು ತರಬಲ್ಲದು.

ವಿದೇಶ ಪ್ರಯಾಣ ಈಗ ನಗರವಾಸಿಗಳಿಗೆ, ಉದ್ಯಮಿಗಳಿಗೆ ಸೀಮಿತವಾಗಿ ಉಳಿದಿಲ್ಲ. ಹಜ್, ಉಮ್ರಾ ಯಾತ್ರೆಗೆ ಹೊರಡುವ ಹಿರಿಯರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಯುವಕರು, ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನವೇರುವ ತಾಯಂದಿರು, ಕೈಲಾಸ ಮಾನಸ ಸರೋವರ ಯಾತ್ರಿಕರು ರಾಜ್ಯದ ಹಳ್ಳಿ ಹಳ್ಳಿಗಳಲ್ಲಿದ್ದಾರೆ. ಸಿಂದಗಿ, ಇಂಡಿ ಕಡೆಯವರು ಅಂತರರಾಷ್ಟ್ರೀಯ ವಿಮಾನ ಹಿಡಿಯಲು ಬೆಂಗಳೂರು, ಹೈದರಾಬಾದ್ ಅಥವಾ ಮುಂಬೈಗೆ ಹೋಗಬೇಕು. ಆದರೆ ಫೋನಿನ ಸಿದ್ಧತೆ ಆಗಬೇಕಾದದ್ದು ಮನೆಯಲ್ಲೇ. ವಿಮಾನ ಇಳಿದ ಮೇಲೆ ರೋಮಿಂಗ್ ಸೌಲಭ್ಯ ಆರಂಭಿಸಿಕೊಳ್ಳುತ್ತೇನೆಂದರೆ ಅದಕ್ಕೂ ಒಟಿಪಿ ಬೇಕು, ಒಟಿಪಿ ಬರಲು ರೋಮಿಂಗ್ ಬೇಕು!

ಈ ಲೇಖನದ ತಿರುಳು ಒಂದೇ ವಾಕ್ಯದ್ದು. ಭಾರತದ ಸಂಖ್ಯೆ ಎಚ್ಚರವಾಗಿರಬೇಕು, ಅದರ ಡೇಟಾ ಮಲಗಿರಬೇಕು. ಮಿಕ್ಕಿದ್ದೆಲ್ಲ ಇದರ ವಿವರಣೆ.

ಒಳಬರುವ ಕರೆಗೂ ಕಾಸು

ನಮ್ಮ ದೇಶದಲ್ಲಿ 2003ರ ಮೇ ತಿಂಗಳಿಂದ ಕರೆ ಮಾಡಿದವರೇ ಹಣ ತೆರುವ ಪದ್ಧತಿ ಜಾರಿಯಲ್ಲಿದೆ. ಅದಕ್ಕೆ ಮೊದಲು ಮೊಬೈಲಿಗೆ ಬಂದ ಕರೆಯನ್ನು ಎತ್ತಿಕೊಂಡವರೂ ದುಡ್ಡು ಕೊಡಬೇಕಿತ್ತು. ಎರಡು ದಶಕಗಳಲ್ಲಿ ಜನ ಅದನ್ನು ಪೂರ್ತಿ ಮರೆತಿದ್ದಾರೆ. ಪರದೇಶದಲ್ಲಿ ರೋಮಿಂಗ್‌ನಲ್ಲಿರುವಾಗ ಆ ಹಳೆಯ ಕಾಲವೇ ಮರಳಿ ಬರುತ್ತದೆ. ಪ್ಯಾಕ್ ಇಲ್ಲದೆ ಒಳಬರುವ ಕರೆ ಸ್ವೀಕರಿಸಿದರೂ ನಿಮಿಷದ ಲೆಕ್ಕದಲ್ಲಿ ಹಣ ಕಡಿತವಾಗುತ್ತದೆ.

ಇಲ್ಲಿ ತಪ್ಪು ಮಾಡುವವರು ಪ್ರಯಾಣಿಕರಿಗಿಂತ ಹೆಚ್ಚಾಗಿ ಮನೆಯವರು. ಜಿದ್ದಾದಲ್ಲಿ ವಿಮಾನ ಇಳಿಯುವ ಹೊತ್ತಿಗೆ ಸರಿಯಾಗಿ ಊರಿನಿಂದ ಮಗ, ಸೊಸೆ, ಬೀಗರು ಸಾಲಾಗಿ ‘ಮುಟ್ಟಿದಿರೇನು?’ ಎಂದು ಕೇಳತೊಡಗುತ್ತಾರೆ. ಕರೆ ಮಾಡಿದವರಿಗೆ ಅದು ಸ್ಥಳೀಯ ಕರೆ, ಖರ್ಚೇ ಇಲ್ಲ. ಎತ್ತಿಕೊಂಡ ಹಿರಿಯರ ಕರೆನ್ಸಿ ಮಾತ್ರ ಕುಶಲೋಪರಿಯಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಹೊರಡುವ ಮುನ್ನ ಮನೆಮಂದಿಗೆಲ್ಲ ಹೇಳಬೇಕಾದ ಮೊದಲ ಮಾತು: ಭಾರತದ ಸಂಖ್ಯೆಗೆ ನೇರ ಕರೆ ಬೇಡ, ವಾಟ್ಸ್‌ಆಪ್‌ನಲ್ಲಿ ಸಂದೇಶ ಹಾಕಿ ಕಾಯಿರಿ.

ಕರೆ ವರ್ಗಾವಣೆ ಇನ್ನೊಂದು ಗುಪ್ತ ಖರ್ಚು. ಫೋನ್ ಎತ್ತದಿದ್ದಾಗ ಬೇರೆ ಸಂಖ್ಯೆಗೆ ಹೋಗುವಂತೆ ಹೊಂದಿಸಿದ್ದರೆ, ಆ ಕರೆ ಪರದೇಶಕ್ಕೆ ಹೋಗಿ ಮತ್ತೆ ಭಾರತಕ್ಕೆ ಮರಳುತ್ತದೆ, ಎರಡು ದಾರಿಯ ಶುಲ್ಕವೂ ನಿಮ್ಮದೇ ಆಗಬಹುದು. ಹೊರಡುವ ಮುನ್ನ ##002# ಒತ್ತಿ ಕರೆ ಗುಂಡಿ ಅದುಮಿದರೆ ಎಲ್ಲ ಬಗೆಯ ಕರೆ ವರ್ಗಾವಣೆಯೂ ರದ್ದಾಗುತ್ತದೆ.

ರೋಮಿಂಗ್ ದುಬಾರಿ ಏಕೆ?

ನಿಮ್ಮ ಸಿಮ್ ಅನ್ಯದೇಶದ ಗೋಪುರವೊಂದಕ್ಕೆ ಜೋಡಣೆಯಾದಾಗ ಆ ದೇಶದ ಕಂಪನಿ ಮೊದಲು ನಿಮ್ಮ ಕಂಪನಿಯನ್ನು ವಿಚಾರಿಸುತ್ತದೆ: ಈತ ನಿಮ್ಮ ಗ್ರಾಹಕನೇ, ಸೇವೆ ಕೊಡಬಹುದೇ? ಒಪ್ಪಿಗೆ ದೊರೆತ ಬಳಿಕ ಬಳಸಿದ ಪ್ರತಿ ನಿಮಿಷಕ್ಕೂ ಪ್ರತಿ ಎಂ.ಬಿ.ಗೂ ಅದು ನಿಮ್ಮ ಕಂಪನಿಗೆ ಸಗಟು ದರದಲ್ಲಿ ಬಿಲ್ಲು ಕಳಿಸುತ್ತದೆ. ನಿಮ್ಮ ಕಂಪನಿ ಅದರ ಮೇಲೆ ತನ್ನ ಲಾಭ ಸೇರಿಸಿ ನಿಮ್ಮಿಂದ ವಸೂಲಿ ಮಾಡುತ್ತದೆ. ಡೇಟಾ ಕೂಡ ಸಾಮಾನ್ಯವಾಗಿ ನೇರವಾಗಿ ಅಂತರಜಾಲಕ್ಕೆ ಹೋಗದೆ ಭಾರತದ ಕಂಪನಿಯ ಜಾಲದ ಮೂಲಕವೇ ಹಾದುಹೋಗುತ್ತದೆ. ಮಕ್ಕಾದಲ್ಲಿ ಕುಳಿತು ಅಲ್ಲಿಯದೇ ಹೋಟೆಲಿನ ವಿಳಾಸ ಹುಡುಕಿದರೂ ಆ ಹುಡುಕಾಟ ಒಮ್ಮೆ ಭಾರತಕ್ಕೆ ಬಂದು ಹೋಗುತ್ತದೆ ಎಂದರ್ಥ.

ದೇಶದೇಶಗಳ ನಡುವೆ ಈ ಸಗಟು ದರಕ್ಕೆ ಕಡಿವಾಣವಿಲ್ಲದಿರುವುದೇ ದುಬಾರಿಯ ಮೂಲ. ಕಡಿವಾಣ ಹಾಕಿದ ದೊಡ್ಡ ಉದಾಹರಣೆ ಐರೋಪ್ಯ ಒಕ್ಕೂಟದ್ದು. ಅಲ್ಲಿ 2007ರಿಂದ ಹಂತಹಂತವಾಗಿ ದರ ಇಳಿಸಿ, 2017ರ ಜೂನ್ 15ರಿಂದ ಸದಸ್ಯ ರಾಷ್ಟ್ರಗಳೊಳಗೆ ಹೆಚ್ಚುವರಿ ರೋಮಿಂಗ್ ಶುಲ್ಕವನ್ನೇ ತೆಗೆದುಹಾಕಲಾಯಿತು. ಪ್ಯಾರಿಸ್ಸಿನಲ್ಲಿ ಕೊಂಡ ಸಿಮ್ ರೋಮ್‌ನಲ್ಲೂ ಅದೇ ದರಕ್ಕೆ ನಡೆಯುತ್ತದೆ. ಆದರೆ ನಡುವೆ ಸಿಗುವ ಸ್ವಿಟ್ಜರ್ಲೆಂಡ್ ಒಕ್ಕೂಟಕ್ಕೆ ಸೇರಿದ್ದಲ್ಲ. ಬ್ರಿಟನ್ ಕೂಡ ಹೊರಬಿದ್ದಿದೆ. ಪ್ರವಾಸಿ ಬಸ್ಸು ಆಲ್ಪ್ಸ್ ಪರ್ವತ ಏರುತ್ತಿದ್ದಂತೆ ಫೋನು ತಾನಾಗಿಯೇ ಸ್ವಿಸ್ ಜಾಲ ಹಿಡಿದುಬಿಡುವುದನ್ನು ಯುರೋಪ್ ಪ್ರವಾಸಿಗರು ಗಮನಿಸಬೇಕು.

ಇನ್ನು ಡೇಟಾದ ಲೆಕ್ಕ. ಪ್ಯಾಕ್ ಇಲ್ಲದಾಗಿನ ದರ ಒಂದು ಎಂ.ಬಿ.ಗೆ 500 ರೂ. ಎಂದೇ ಇಟ್ಟುಕೊಳ್ಳಿ. ವಾಟ್ಸ್‌ಆಪ್ ವಿಡಿಯೋ ಕರೆಗೆ ನಿಮಿಷಕ್ಕೆ ಅಂದಾಜು 5 ಎಂ.ಬಿ. ಬೇಕು. ಮೊಮ್ಮಗುವಿನ ಮುಖ ನೋಡುತ್ತ ಹತ್ತು ನಿಮಿಷ ಮಾತಾಡಿದರೆ 50 ಎಂ.ಬಿ., ಅಂದರೆ 25,000 ರೂ.! ಮಾತಾಡದೆ ಸುಮ್ಮನಿದ್ದರೂ ಫೋನು ಸುಮ್ಮನಿರುವುದಿಲ್ಲ. ಆಪ್‌ಗಳ ನವೀಕರಣ, ಚಿತ್ರಗಳ ಬ್ಯಾಕಪ್, ಗುಂಪುಗಳಲ್ಲಿ ಬೀಳುವ ಶುಭೋದಯದ ವಿಡಿಯೋಗಳು ಹಿನ್ನೆಲೆಯಲ್ಲಿ ಇಳಿಯುತ್ತಲೇ ಇರುತ್ತವೆ. ಈ ವರದಿಗಾರನ ಮೊದಲ ವಿದೇಶ ಪಯಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬೀಳುವ ಮೊದಲೇ ಪ್ರಿಪೇಯ್ಡ್ ಶಿಲ್ಕು ಪೂರ್ತಿ ಖಾಲಿಯಾಗಿತ್ತು. ಮನೆಯ ಮದುವೆಯ ಚಿತ್ರಗಳೆಲ್ಲ ಅಚ್ಚುಕಟ್ಟಾಗಿ ಬ್ಯಾಕಪ್ ಆಗಿದ್ದವು. ಪ್ರಿಪೇಯ್ಡ್ ಆಗಿದ್ದರಿಂದ ನಷ್ಟ ಶಿಲ್ಕಿಗೇ ನಿಂತಿತು. ಪೋಸ್ಟ್‌ಪೇಯ್ಡ್ ಸಂಪರ್ಕಕ್ಕೆ ಅಂತಹ ತಳವಿಲ್ಲ. ಅಂಥವರು ಸಾಲಮಿತಿಯನ್ನು ಕಂಪನಿಗೆ ಹೇಳಿ ಮೊದಲೇ ತಗ್ಗಿಸಿಕೊಳ್ಳುವುದು ಲೇಸು.

ಎರಡು ಸಿಮ್, ಎರಡು ಕೆಲಸ

ಭಾರತದಲ್ಲಿ ಮಾರಾಟವಾಗುವ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಎರಡು ಸಿಮ್‌ಗಳಿಗೆ ಅವಕಾಶವಿದೆ. ಊರಲ್ಲಿ ಎರಡನೆಯದು ಅಲಂಕಾರ. ಪರದೇಶದಲ್ಲಿ ಅದೇ ಆಧಾರ. ಮೊದಲ ಜಾಗದಲ್ಲಿ ಭಾರತದ ಸಿಮ್ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಅದರ ‘ಡೇಟಾ ರೋಮಿಂಗ್’ ಸ್ಥಗಿತವಾಗಿರಲಿ. ಎರಡನೆಯ ಜಾಗದಲ್ಲಿ ಹೋದ ದೇಶದ ಸ್ಥಳೀಯ ಸಿಮ್ ಹಾಕಿ ಡೇಟಾಕ್ಕೆ ಅದನ್ನೇ ಆಯ್ದುಕೊಳ್ಳಿ. ಒಂದು ಸಿಮ್‌ನ ಡೇಟಾ ದುರ್ಬಲವಾದಾಗ ತಾನಾಗಿ ಇನ್ನೊಂದಕ್ಕೆ ಜಿಗಿಯುವ ಸೌಲಭ್ಯ ಹೊಸ ಫೋನುಗಳಲ್ಲಿದೆ. ಊರಲ್ಲಿ ವರವಾದ ಅದು ಪರದೇಶದಲ್ಲಿ ಶಾಪ, ಅದನ್ನೂ ನಿಲ್ಲಿಸತಕ್ಕದ್ದು.

ವಾರದೊಳಗಿನ ಪ್ರವಾಸವಾದರೆ ಸ್ಥಳೀಯ ಸಿಮ್‌ಗೆ ಅಲೆಯುವುದಕ್ಕಿಂತ ಭಾರತೀಯ ಕಂಪನಿಯ ರೋಮಿಂಗ್ ಪ್ಯಾಕ್ ಕೊಳ್ಳುವುದೇ ಸರಳ. ಪೈಪೋಟಿಯಿಂದ ಇವುಗಳ ಬೆಲೆಯೂ ಇಳಿದಿದೆ. 2024ರ ಏಪ್ರಿಲ್‌ನಲ್ಲಿ ಏರ್‌ಟೆಲ್ 184 ರಾಷ್ಟ್ರಗಳಿಗೆ ಅನ್ವಯಿಸುವ, ದಿನಕ್ಕೆ 133 ರೂ.ಗಳಿಂದ ಆರಂಭವಾಗುವ ಪ್ಯಾಕ್‌ಗಳನ್ನು ಪ್ರಕಟಿಸಿತ್ತು. ಇಂತಹ ದರಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲೇ ಕಂಪನಿಯ ಆಪ್‌ನಲ್ಲಿ ನೋಡಿಕೊಳ್ಳಬೇಕು. ಬೆಲೆಗಿಂತ ಮುಖ್ಯವಾದ ಪ್ರಶ್ನೆಗಳು ಬೇರೆ ಇವೆ. ದಿನವೆಂದರೆ 24 ತಾಸೋ ಅಥವಾ ಮಧ್ಯರಾತ್ರಿಗೆ ಮುಗಿಯುವ ದಿನಾಂಕವೋ? ಅವಧಿ ಕೊಂಡ ದಿನದಿಂದಲೋ, ಮೊದಲ ಬಳಕೆಯಿಂದಲೋ? ಆ ದೇಶದ ಯಾವ ಜಾಲದಲ್ಲಾದರೂ ನಡೆಯುವುದೋ, ನಿರ್ದಿಷ್ಟ ಪಾಲುದಾರ ಜಾಲದಲ್ಲಿ ಮಾತ್ರವೋ? ಅಮೆರಿಕಕ್ಕೆ ಹೊರಟವರು ದೋಹಾದಲ್ಲೋ ದುಬೈಯಲ್ಲೋ ವಿಮಾನ ಬದಲಿಸುವಾಗ ಫೋನು ತೆರೆದರೆ ಪ್ಯಾಕ್ ಅಲ್ಲಿಂದಲೇ ಆರಂಭವಾಗಿಬಿಡಬಹುದು. ವಿಮಾನ, ಪ್ರವಾಸಿ ಹಡಗುಗಳಲ್ಲಿರುವ ಉಪಗ್ರಹ ಆಧಾರಿತ ಜಾಲಗಳಂತೂ ಸಾಮಾನ್ಯ ಪ್ಯಾಕ್‌ಗಳಿಗೆ ಹೊರತು. ಅಲ್ಲಿ ಫ್ಲೈಟ್ ಮೋಡ್ ಒಂದೇ ರಕ್ಷೆ.

ಎರಡು ವಾರ ಮೀರಿದ ವಾಸ್ತವ್ಯಕ್ಕೆ ಸ್ಥಳೀಯ ಸಿಮ್ ಬಹುಮಟ್ಟಿಗೆ ಲಾಭಕರ. ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಬೇಕು. ಸೌದಿ ಅರೇಬಿಯಾದಲ್ಲಿ ಬೆರಳಚ್ಚನ್ನೂ ಕೊಡಬೇಕು. ವಿಮಾನ ನಿಲ್ದಾಣದ ಮಳಿಗೆಗಳಲ್ಲಿ ‘ಪ್ರವಾಸಿ ಪ್ಯಾಕ್’ ಎಂದು ಮಾರುವುದಕ್ಕಿಂತ ಊರೊಳಗಿನ ಅಧಿಕೃತ ಅಂಗಡಿಗಳಲ್ಲಿ ಕಡಿಮೆ ಬೆಲೆಯದು ಸಿಗುವುದುಂಟು.

ಒಟಿಪಿ ಎಂಬ ಬೀಗದಕೈ

ಸ್ಥಳೀಯ ಸಿಮ್ ಸಿಕ್ಕಿತೆಂದು ಭಾರತದ ಸಿಮ್ ಕಳಚಿ ಪರ್ಸಿನಲ್ಲಿಡುವವರು ಅನೇಕರು. ಇದು ಅಗ್ಗದ ಆಸೆಗೆ ತೆರುವ ದುಬಾರಿ ಬೆಲೆ. ಬ್ಯಾಂಕ್ ವ್ಯವಹಾರ, ಕಾರ್ಡ್ ಪಾವತಿ, ಆಧಾರ್, ವಿಮಾನ ಟಿಕೇಟಿನ ಬದಲಾವಣೆ ಎಲ್ಲದರ ಬೀಗದಕೈ ಆ ಸಂಖ್ಯೆಗೆ ಬರುವ ಒಟಿಪಿ. ರೋಮಿಂಗ್‌ನಲ್ಲಿ ಒಳಬರುವ ಸಂದೇಶಕ್ಕೆ ಭಾರತೀಯ ಕಂಪನಿಗಳು ಸಾಮಾನ್ಯವಾಗಿ ಶುಲ್ಕ ವಿಧಿಸುವುದಿಲ್ಲ. ಹೀಗಾಗಿ ಡೇಟಾ ಮುಚ್ಚಿ, ಕರೆ ಎತ್ತದೆ, ಸಿಮ್ ಮಾತ್ರ ಜೀವಂತವಾಗಿಟ್ಟರೆ ಒಟಿಪಿ ಬರುತ್ತದೆ, ಖರ್ಚು ಬರುವುದಿಲ್ಲ. ಆದರೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಊರಲ್ಲೇ ಆರಂಭಿಸಿಕೊಂಡಿರಬೇಕು, ರೀಚಾರ್ಜ್ ಅವಧಿಯೂ ಮುಗಿದಿರಬಾರದು.

ದೀರ್ಘಕಾಲ ಹೊರಗಿರುವವರು ತಿಳಿದಿರಬೇಕಾದ ನಿಯಮಗಳು ಎರಡು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2013ರ ನಿಯಮದಂತೆ ಪ್ರಿಪೇಯ್ಡ್ ಸಂಖ್ಯೆಯನ್ನು 90 ದಿನಗಳ ಕಾಲ ಯಾವುದೇ ಬಳಕೆಯಿಲ್ಲದಿದ್ದರೆ ಮಾತ್ರ ನಿಷ್ಕ್ರಿಯಗೊಳಿಸಬಹುದು. 20 ರೂ. ಶಿಲ್ಕಿದ್ದರೆ ಆಗಲೂ ಉಳಿಯುತ್ತದೆ. ಆರು ತಿಂಗಳು ಅಮೆರಿಕದಲ್ಲಿದ್ದು ಬರುವ ತಂದೆತಾಯಿಗಳ ಸಂಖ್ಯೆ ಹೀಗೆ ರದ್ದಾಗಿ ಬೇರೆಯವರ ಪಾಲಾದರೆ ಪಿಂಚಣಿ ಖಾತೆಯ ಒಟಿಪಿ ಅಪರಿಚಿತರ ಕೈಗೆ ಹೋದಂತೆಯೇ. ಎರಡನೆಯದು, 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಮಾಡಿದ ತಿದ್ದುಪಡಿ. ಡೇಟಾ ಇಲ್ಲದೆ ಕರೆ ಮತ್ತು ಸಂದೇಶಕ್ಕಷ್ಟೇ ಪ್ಯಾಕ್ ಕೊಡಬೇಕೆಂದು ಅದು ಕಂಪನಿಗಳಿಗೆ ಆದೇಶಿಸಿ, ಪ್ಯಾಕ್‌ಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಗಳಿಗೆ ಏರಿಸಿತು. ಹೊರದೇಶದಲ್ಲಿರುವವರಿಗೆ ಭಾರತದ ಡೇಟಾದಿಂದ ಏನು ಪ್ರಯೋಜನ? ಇಂತಹ ವರ್ಷಾವಧಿಯ ಪ್ಯಾಕ್ ಒಮ್ಮೆ ಹಾಕಿಸಿದರೆ ಸಂಖ್ಯೆಯ ಚಿಂತೆ ತಪ್ಪುತ್ತದೆ.

ಸಿಮ್ ಕಳಚದಿರಲು ಮತ್ತೊಂದು ಕಾರಣವೂ ಸೇರಿಕೊಂಡಿದೆ. ನೋಂದಾಯಿತ ಸಿಮ್ ಫೋನಿನಲ್ಲಿದ್ದರೆ ಮಾತ್ರ ಕೆಲಸ ಮಾಡುವಂತೆ ಬದಲಾಗಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ವಾಟ್ಸ್‌ಆಪ್ ಮುಂತಾದ ಸಂದೇಶ ಆಪ್‌ಗಳಿಗೆ ಸೂಚಿಸಿತು.

ಯುಪಿಐ ವಿಷಯದಲ್ಲೂ ಸುಧಾರಣೆಯಾಗಿದೆ. ಭೂತಾನ್, ನೇಪಾಳ, ಸಿಂಗಪುರ, ಯುಎಇ ಮೊದಲಾದೆಡೆ ಆಯ್ದ ಸ್ಥಳಗಳಲ್ಲಿ ಅದು ನಡೆಯುತ್ತದೆ. 2024ರ ಫೆಬ್ರುವರಿಯಲ್ಲಿ ಫ್ರಾನ್ಸ್, ಶ್ರೀಲಂಕಾ, ಮಾರಿಷಸ್‌ಗಳೂ ಸೇರಿದವು. ಆಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲೇ ಸಕ್ರಿಯಗೊಳಿಸಿಕೊಳ್ಳಬೇಕು. ಅನಿವಾಸಿ ಭಾರತೀಯರು ತಮ್ಮ ವಿದೇಶಿ ಸಂಖ್ಯೆಯಿಂದಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಹತ್ತು ರಾಷ್ಟ್ರಗಳಿಗೆ ಅನುಮತಿ ದೊರೆಯಿತು. ಸೌದಿ, ಯುಎಇ, ಒಮಾನ್, ಕತಾರ್ ಆ ಪಟ್ಟಿಯಲ್ಲಿದ್ದವು.

ಇ-ಸಿಮ್: ಅನುಕೂಲವೂ ಉಂಟು, ತೊಡಕೂ ಉಂಟು

ಪ್ಲಾಸ್ಟಿಕ್ ತುಂಡಿಲ್ಲದೆ ಕ್ಯೂಆರ್ ಸಂಕೇತದಿಂದ ಫೋನಿಗೆ ಇಳಿಸಿಕೊಳ್ಳುವ ಇ-ಸಿಮ್ ಪ್ರವಾಸಿಗರ ಅಚ್ಚುಮೆಚ್ಚಾಗಿದೆ. ಮನೆಯಲ್ಲೇ ಕೊಂಡು, ವಿಮಾನ ಇಳಿದ ಕೂಡಲೇ ಚಾಲೂ ಮಾಡಬಹುದು. ಆದರೆ ಭಾರತದಲ್ಲಿ ವಿದೇಶಿ ಸಿಮ್ ಮಾರಲು ದೂರಸಂಪರ್ಕ ಇಲಾಖೆಯ ಒಪ್ಪಿಗೆ ಅಗತ್ಯ. ಅದಿಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಏರಾಲೊ ಮತ್ತು ಹೋಲಾಫ್ಲೈ ಆಪ್‌ಗಳನ್ನು ಇಲ್ಲಿನ ಆಪ್ ಮಳಿಗೆಗಳಿಂದ ತೆಗೆಯಿಸಲಾಯಿತು. ಆದ್ದರಿಂದ ಮಾರುವವರ ಅಧಿಕೃತತೆ ನೋಡಿಯೇ ಹಣ ಕಟ್ಟಬೇಕು. ಇನ್ನೊಂದು ಮಿತಿ: ಪ್ರವಾಸಿ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ. ಅವಕ್ಕೆ ದೂರವಾಣಿ ಸಂಖ್ಯೆ ಇರುವುದಿಲ್ಲ, ಹೋಟೆಲಿಗೋ ಟ್ಯಾಕ್ಸಿ ಚಾಲಕನಿಗೋ ಸಾದಾ ಕರೆ ಮಾಡಲಾಗದು.

ಹಜ್ ಯಾತ್ರಿಕರ ಫೋನು

ಯಂಕಂಚಿಯಂತಹ ಊರುಗಳಿಂದ ಮೊದಲ ಬಾರಿಗೆ ವಿಮಾನವೇರುವ ಹಿರಿಯರಲ್ಲಿ ಹಜ್ ಯಾತ್ರಿಕರೂ ಇರುವುದರಿಂದ ಈ ವಿಷಯ ತುಸು ವಿಸ್ತಾರವಾಗಿಯೇ ಹೇಳಬೇಕು. ಈ ಯಾತ್ರೆಯಲ್ಲಿ ಸ್ಮಾರ್ಟ್‌ಫೋನ್ ಈಗ ಐಷಾರಾಮವಲ್ಲ. ಮದೀನಾದ ರೌದಾ ದರ್ಶನಕ್ಕೆ ಸೌದಿ ಸರ್ಕಾರದ ‘ನುಸುಕ್’ ಆಪ್‌ನಲ್ಲಿ ಸಮಯ ಕಾದಿರಿಸಬೇಕು. ಭಾರತ ಸರ್ಕಾರ 2024ರ ಮಾರ್ಚ್‌ನಲ್ಲಿ ‘ಹಜ್ ಸುವಿಧಾ’ ಆಪ್ ಹೊರತಂದಿತು. ಲಕ್ಷದಷ್ಟು ಗುಡಾರಗಳು ಒಂದೇ ತೆರನಾಗಿ ಕಾಣುವ ಮಿನಾದಲ್ಲಿ ದಾರಿ ತಪ್ಪುವುದು ಬಲು ಸುಲಭ. ಭಾಷೆ ಬಾರದ ಹಿರಿಯರಿಗೆ ತಮ್ಮ ತಂಡದವರನ್ನು ಕೂಡಿಕೊಳ್ಳಲು ಫೋನೊಂದೇ ಕೈಗಂಬ.

ನಕಾಶೆಗೆ ಡೇಟಾ ಬೇಕೇ ಬೇಕೆಂಬುದು ತಪ್ಪು ಕಲ್ಪನೆ. ಜಿಪಿಎಸ್ ಉಪಗ್ರಹಗಳಿಂದ ನೇರವಾಗಿ ಸಂಕೇತ ಪಡೆಯುತ್ತದೆ, ಅದಕ್ಕೆ ಚಿಕ್ಕಾಸೂ ಇಲ್ಲ. ಮಕ್ಕಾ, ಮದೀನಾಗಳ ಗೂಗಲ್ ನಕಾಶೆಯನ್ನು ಊರಿನ ವೈಫೈನಲ್ಲೇ ಇಳಿಸಿಟ್ಟುಕೊಂಡು, ತಂಗಿದ ಕಟ್ಟಡವನ್ನು ಗುರುತು ಹಾಕಿಕೊಂಡರೆ ಅಂತರಜಾಲವಿಲ್ಲದೆಯೂ ದಾರಿ ಸಿಗುತ್ತದೆ. ಗೂಗಲ್ ಅನುವಾದದ ಕನ್ನಡ, ಅರಬ್ಬಿ ಕಡತಗಳನ್ನೂ ಹಾಗೆಯೇ ಇಳಿಸಿಕೊಳ್ಳಬಹುದು.

ಬಿಸಿಲು ಇನ್ನೊಂದು ಶತ್ರು. 2024ರ ಜೂನ್ ಹಜ್ ವೇಳೆ ಮಕ್ಕಾದಲ್ಲಿ 51.8 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಗಿತ್ತು. ವಿಜಯಪುರದ ಬೇಸಿಗೆ ಉಂಡವರಿಗೂ ಅದು ಬೇರೆಯೇ ಬಿಸಿಲು. ಫೋನು ಅತಿಯಾಗಿ ಕಾದರೆ ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ನೆರಳಲ್ಲಿ, ಬಟ್ಟೆಯೊಳಗೆ ಇಟ್ಟುಕೊಳ್ಳಬೇಕು. ಪವರ್ ಬ್ಯಾಂಕ್ ಇರಲಿ, ಅದು ಕೈಚೀಲದಲ್ಲಿರಲಿ. ಸರಕಿನ ಪೆಟ್ಟಿಗೆಯಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಸೌದಿಯ ಗೋಡೆಯ ಪ್ಲಗ್‌ಗೆ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಕಡ್ಡಿಗಳ ಅಡಾಪ್ಟರ್ ಬೇಕು.

ದೇಶಕ್ಕೊಂದು ಕಟ್ಟಳೆ

ಅಂತರಜಾಲದ ಮೂಲಕ ಕರೆ ಮಾಡಿದರೆ ಎಲ್ಲೆಡೆ ಪುಕ್ಕಟೆ ಎಂಬ ಭಾವನೆಯೂ ಪೂರ್ತಿ ನಿಜವಲ್ಲ. ಯುಎಇಯಲ್ಲಿ ವಾಟ್ಸ್‌ಆಪ್ ಸಂದೇಶಕ್ಕೆ ಅಡ್ಡಿಯಿಲ್ಲ, ಕರೆಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. ಪರವಾನಗಿ ಪಡೆದ ಬೋಟಿಮ್‌ನಂತಹ ಆಪ್‌ಗಳನ್ನೇ ಬಳಸಬೇಕು. ವಿಪಿಎನ್ ಹಾಕಿ ನಿರ್ಬಂಧ ದಾಟುವ ಉಪಾಯ ಹೇಳಿಕೊಡುವ ಗೆಳೆಯರು ಸಿಗುತ್ತಾರೆ. ಅಪರಾಧಕ್ಕೆ ವಿಪಿಎನ್ ಬಳಸಿದ್ದು ಸಾಬೀತಾದರೆ ಅಲ್ಲಿನ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಮ್‌ನಿಂದ ಆರಂಭ. ಸೌದಿ ಅರೇಬಿಯಾ ಅಂತರಜಾಲ ಕರೆಗಳ ಮೇಲಿನ ಸಾಮಾನ್ಯ ನಿಷೇಧವನ್ನು 2017ರಲ್ಲಿ ಸಡಿಲಿಸಿತು.

ಚೀನಾದ್ದು ವಿಚಿತ್ರ. ಅಲ್ಲಿನ ಸ್ಥಳೀಯ ಸಿಮ್ ಅಥವಾ ಹೋಟೆಲಿನ ವೈಫೈನಲ್ಲಿ ಗೂಗಲ್, ವಾಟ್ಸ್‌ಆಪ್, ಯೂಟ್ಯೂಬ್ ತೆರೆಯವು. ಆದರೆ ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ, ಮೇಲೆ ಹೇಳಿದಂತೆ ಡೇಟಾ ಭಾರತದ ಮೂಲಕ ಹಾದುಹೋಗುವುದರಿಂದ, ಸಾಮಾನ್ಯವಾಗಿ ಇವೆಲ್ಲ ನಡೆಯುತ್ತವೆ. ಐದು ವರ್ಷಗಳ ಬಿಡುವಿನ ಬಳಿಕ 2025ರ ಜೂನ್‌ನಲ್ಲಿ ಪುನರಾರಂಭವಾದ ಕೈಲಾಸ ಮಾನಸ ಸರೋವರ ಯಾತ್ರೆಗೆ ಹೋಗುವವರಿಗೆ ರೋಮಿಂಗ್ ಪ್ಯಾಕೇ ಉತ್ತಮ ಎನ್ನಲು ಇದೇ ಕಾರಣ.

ಅಮೆರಿಕದಲ್ಲಿ ಬೇರೆ ತೊಂದರೆ. ಅಲ್ಲಿನ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲ ಮುಚ್ಚಿದವು. ಮಗ ಹಳೆಯದೆಂದು ಬಿಟ್ಟುಹೋದ ಫೋನನ್ನೇ ತಾಯಿ ಹಿಡಿದು ಹೋದರೆ, ಅದರಲ್ಲಿ ವೋಲ್ಟಿ ಸೌಲಭ್ಯವಿಲ್ಲದಿದ್ದಲ್ಲಿ ಕರೆಯೇ ಹೋಗದು.

ಅಗ್ಗ ಸಾಕು, ಅತಿ ಅಗ್ಗ ಬೇಡ

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಅಂತಃಕಲಹ ಸಿಡಿದಾಗ ಗಿಡಮೂಲಿಕೆ ಔಷಧ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಜನ ಅಲ್ಲಿ ಸಿಲುಕಿದರು. ಅನ್ನ, ನೀರಿಗೆ ಪರದಾಡುತ್ತಿದ್ದ ಅವರ ಸ್ಥಿತಿ ರಾಜ್ಯಕ್ಕೆ ತಿಳಿದದ್ದು ಮೊಬೈಲ್ ಕರೆ ಮತ್ತು ವಿಡಿಯೋಗಳಿಂದ. ಏಪ್ರಿಲ್ 24ರಂದು ಪ್ರಕಟವಾದ ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್, ಜಿದ್ದಾ ಮಾರ್ಗವಾಗಿ ಕರೆತರಲಾಯಿತು. ಆ ದಿನಗಳಲ್ಲಿ ಸುಡಾನ್‌ನ ಅಂತರಜಾಲ ಪದೇ ಪದೇ ಕುಸಿಯುತ್ತಿತ್ತು. ವೈಫೈಯನ್ನೋ ಡೇಟಾ ಮಾತ್ರದ ಇ-ಸಿಮ್ಮನ್ನೋ ನೆಚ್ಚಿಕೊಂಡವರಿಗೆ ಅಂತಹ ವೇಳೆ ಬಾಯಿಯೇ ಇರುವುದಿಲ್ಲ.

ದೀರ್ಘ ವಾಸ್ತವ್ಯಕ್ಕೆ ಹೋಗುವವರು ಸಾದಾ ಕರೆ ಮಾಡಬಲ್ಲ ಸ್ಥಳೀಯ ಸಿಮ್ ಒಂದನ್ನು ಇಟ್ಟುಕೊಳ್ಳಲೇಬೇಕು ಎಂಬುದು ಇದರಿಂದ ಸ್ಪಷ್ಟ. ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ, ಮನೆಯ ಎರಡು ಸಂಖ್ಯೆಗಳನ್ನು +91 ಸಮೇತ ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜತೆ ಇಡಬೇಕು. ಫೋನು ಸತ್ತಾಗ ಫೋನಿನೊಳಗಿನ ಸಂಖ್ಯೆಗಳೂ ಅದರೊಂದಿಗೇ ಸಾಯುತ್ತವೆ.

ಮರಳಿದ ಮೇಲೆ

ಕೊಲ್ಲಿಯಿಂದ ಹೊಸ ಫೋನು ತರುವವರು ಒಂದನ್ನು ಗಮನಿಸಬೇಕು. 2025ರಲ್ಲಿ ಬಂದ ಐಫೋನ್ 17ರ ಸೌದಿ, ಯುಎಇ, ಕತಾರ್, ಒಮಾನ್, ಕುವೈತ್, ಬಹರೇನ್ ಮಾದರಿಗಳಲ್ಲಿ ಸಿಮ್ ಇಡುವ ತಟ್ಟೆಯೇ ಇಲ್ಲ, ಇ-ಸಿಮ್ ಮಾತ್ರ ನಡೆಯುತ್ತದೆ. ಊರಿನ ಸಿಮ್ ಹಾಕಲು ಜಾಗ ಹುಡುಕಿ ಪ್ರಯೋಜನವಿಲ್ಲ, ಕಂಪನಿಯ ಮಳಿಗೆಗೆ ಹೋಗಿ ಇ-ಸಿಮ್‌ಗೆ ಬದಲಿಸಿಕೊಳ್ಳಬೇಕು.

ಪೋಸ್ಟ್‌ಪೇಯ್ಡ್ ಗ್ರಾಹಕರು ಮರಳಿದ ಮೇಲೂ ಎರಡು ಬಿಲ್ಲುಗಳನ್ನು ಸೂಕ್ಷ್ಮವಾಗಿ ನೋಡತಕ್ಕದ್ದು. ವಿದೇಶಿ ಜಾಲದ ಲೆಕ್ಕ ಇಲ್ಲಿನ ಕಂಪನಿಗೆ ತಡವಾಗಿ ತಲುಪುವುದುಂಟು. ಪ್ಯಾಕ್ ಕೊಂಡಾಗ ಬಂದ ಸಂದೇಶವನ್ನು ಅಳಿಸದೆ ಉಳಿಸಿಕೊಂಡಿರಬೇಕು. ಬಿಲ್ಲಿನಲ್ಲಿ ವ್ಯತ್ಯಾಸ ಕಂಡರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಟ್ರಾಯ್ ನಿಯಮದಲ್ಲಿ ಅವಕಾಶವಿದೆ. ಇದಕ್ಕೆ ಶುಲ್ಕವಿಲ್ಲ.